ಪರಿಸರ ರಾಸಾಯನಿಕಗಳು ಮತ್ತು ಸಾಮಾಜಿಕ ವರ್ತನೆ

ಪರಿಸರ ರಾಸಾಯನಿಕಗಳು ಮತ್ತು ಸಾಮಾಜಿಕ ವರ್ತನೆ ಎಂಬುದು ನರವಿಜ್ಞಾನ, ಹಾರ್ಮೋನು ವಿಜ್ಞಾನ ಹಾಗೂ ವಿಷವಿಜ್ಞಾನಗಳು ಸಂಧಿಸುವ ಒಂದು ಸಂಶೋಧನಾ ಕ್ಷೇತ್ರ. ಗಾಳಿ, ನೀರು, ಆಹಾರ ಮತ್ತು ದಿನಬಳಕೆಯ ವಸ್ತುಗಳ ಮೂಲಕ ದೇಹವನ್ನು ಸೇರುವ ರಾಸಾಯನಿಕಗಳು ಬೆಳೆಯುತ್ತಿರುವ ಮಿದುಳಿನ ಮೇಲೆ ಯಾವ ಪರಿಣಾಮ ಬೀರುತ್ತವೆ, ಮುಂದೆ ಆ ಜೀವಿಯು ತನ್ನದೇ ಪ್ರಭೇದದ ಇತರ ಜೀವಿಗಳೊಡನೆ ವ್ಯವಹರಿಸುವ ರೀತಿ ಅದರಿಂದ ಹೇಗೆ ಬದಲಾಗುತ್ತದೆ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆ. ಬಿಸ್ಫೆನಾಲ್ ಎ, ಥ್ಯಾಲೇಟ್‌ಗಳು, ಪಾಲಿಕ್ಲೋರಿನೇಟೆಡ್ ಬೈಫಿನೈಲ್‌ಗಳು (ಪಿಸಿಬಿ), ಬೆಂಕಿ ನಿರೋಧಕಗಳು, ಕೀಟನಾಶಕಗಳು, ಸೀಸ, ಪಾದರಸ ಮತ್ತು ವಾಹನಗಳ ಹೊಗೆ ಹೆಚ್ಚಾಗಿ ಅಧ್ಯಯನಕ್ಕೆ ಒಳಗಾದ ವಸ್ತುಗಳು.

ಈ ವಿಷಯದ ಮಹತ್ವಕ್ಕೆ ಒಂದು ವಿಶೇಷ ಕಾರಣವಿದೆ. ರಾಸಾಯನಿಕಗಳ ಸುರಕ್ಷತಾ ಪರೀಕ್ಷೆಗಳು ಬಹುಕಾಲ ಸಾವು, ಕ್ಯಾನ್ಸರ್ ಗಡ್ಡೆ, ಹುಟ್ಟಿನ ಅಂಗವಿಕಲತೆ ಮತ್ತು ದೇಹತೂಕದಂತಹ ಸುಲಭವಾಗಿ ಕಾಣುವ ಲಕ್ಷಣಗಳನ್ನೇ ಅಳೆಯುತ್ತಿದ್ದವು. ತಾಯಿ ಮರಿಯನ್ನು ಸಾಕುವ ಬಗೆ, ಮರಿಗಳ ಆಟ, ಸಂಗಾತಿಯ ಆಯ್ಕೆ, ಅಪರಿಚಿತರನ್ನು ಎದುರಿಸುವ ರೀತಿ ಇವು ಅಂತಹ ಪರೀಕ್ಷೆಗಳಲ್ಲಿ ಕಾಣಿಸುವುದಿಲ್ಲ. ಹೊರನೋಟಕ್ಕೆ ಆರೋಗ್ಯವಾಗಿರುವ ಪ್ರಾಣಿಯಲ್ಲಿಯೂ ಈ ವರ್ತನೆಗಳು ಬದಲಾಗಿರಬಹುದು ಎಂಬುದನ್ನು ಕಳೆದ ಕೆಲವು ದಶಕಗಳ ಪ್ರಯೋಗಗಳು ತೋರಿಸಿವೆ.

ಪರಿಭಾಷೆ

ಸಾಮಾಜಿಕ ವರ್ತನೆ ಎಂದರೆ ಒಂದೇ ಪ್ರಭೇದದ ಎರಡು ಅಥವಾ ಹೆಚ್ಚು ಜೀವಿಗಳ ನಡುವಿನ ವ್ಯವಹಾರ. ಆಟ, ಜಗಳ, ಸಂಗಾತಿಯ ಆಯ್ಕೆ, ಜೋಡಿಬಂಧ, ಮರಿಗಳ ಪಾಲನೆ, ಪರಸ್ಪರ ಗುರುತಿಸುವಿಕೆ ಮತ್ತು ಧ್ವನಿ ಸಂಕೇತಗಳು ಇದರಲ್ಲಿ ಸೇರುತ್ತವೆ.

ದೇಹದ ಹಾರ್ಮೋನುಗಳನ್ನು ಅನುಕರಿಸುವ, ತಡೆಯುವ ಅಥವಾ ಅವುಗಳ ಉತ್ಪಾದನೆಯನ್ನು ಏರುಪೇರು ಮಾಡುವ ಬಾಹ್ಯ ರಾಸಾಯನಿಕಗಳನ್ನು ಹಾರ್ಮೋನು ಅಡ್ಡಿಕಾರಕಗಳು ಅಥವಾ ಎಂಡೋಕ್ರೈನ್ ಡಿಸ್ರಪ್ಟರ್‌ಗಳು ಎನ್ನುತ್ತಾರೆ. ಪರಿಸರದಲ್ಲಿರುವ ಎಲ್ಲ ವಿಷವಸ್ತುಗಳೂ ಈ ಗುಂಪಿಗೆ ಸೇರುವುದಿಲ್ಲ. ಉದಾಹರಣೆಗೆ, ಸೀಸವು ನರಕೋಶಗಳ ಸಂವಹನಕ್ಕೆ ನೇರವಾಗಿ ಅಡ್ಡಿಪಡಿಸುವ ಲೋಹವಾಗಿದೆ.

ಇತಿಹಾಸ

ಗರ್ಭಾವಸ್ಥೆಯಲ್ಲಿ ದೊರೆಯುವ ಹಾರ್ಮೋನು ಪ್ರೌಢಾವಸ್ಥೆಯ ವರ್ತನೆಯನ್ನು ರೂಪಿಸುತ್ತದೆ ಎಂಬ ವಿಚಾರವು ಈ ಕ್ಷೇತ್ರದ ತಳಹದಿ. 1959ರಲ್ಲಿ ಚಾರ್ಲ್ಸ್ ಫೀನಿಕ್ಸ್, ರಾಬರ್ಟ್ ಗಾಯ್, ಆರ್ನಾಲ್ಡ್ ಗೆರಾಲ್ ಮತ್ತು ವಿಲಿಯಂ ಯಂಗ್ ಅವರು ಗಿನಿಯಿಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಗರ್ಭಿಣಿ ಗಿನಿಯಿಲಿಗಳಿಗೆ ಟೆಸ್ಟೋಸ್ಟಿರಾನ್ ನೀಡಿದಾಗ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಹೆಣ್ಣಿಗೆ ಸಹಜವಾದ ಕೂಡುವಿಕೆಯ ವರ್ತನೆಯನ್ನು ಕಡಿಮೆ ತೋರಿಸಿದವು. ಹಾರ್ಮೋನು ಎಳೆಯ ಮಿದುಳನ್ನು ಶಾಶ್ವತವಾಗಿ ಸಂಘಟಿಸುತ್ತದೆ, ಪ್ರೌಢ ಮಿದುಳನ್ನು ತಾತ್ಕಾಲಿಕವಾಗಿ ಪ್ರಚೋದಿಸುತ್ತದೆ ಎಂಬ ಸಿದ್ಧಾಂತಕ್ಕೆ ಈ ಪ್ರಯೋಗವು ನಾಂದಿಯಾಯಿತು.

ಇದೇ ಕಾಲದಲ್ಲಿ ಕೃತಕ ರಾಸಾಯನಿಕಗಳ ಬಗೆಗೂ ಎಚ್ಚರ ಮೂಡತೊಡಗಿತು. ರೇಚೆಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' ಕೃತಿಯು 1962ರಲ್ಲಿ ಪ್ರಕಟವಾಗಿ ಕೀಟನಾಶಕಗಳ ಅಪಾಯವನ್ನು ಸಾರ್ವಜನಿಕರ ಗಮನಕ್ಕೆ ತಂದಿತು. 1938ರಲ್ಲಿ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಸಂಶ್ಲೇಷಿಸಿದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಅನ್ನು ಗರ್ಭಪಾತ ತಡೆಯಲೆಂದು ಲಕ್ಷಾಂತರ ಮಹಿಳೆಯರಿಗೆ ನೀಡಲಾಗಿತ್ತು. ಆ ಔಷಧ ಸೇವಿಸಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡ ಸಂಗತಿ 1971ರಲ್ಲಿ ಬೆಳಕಿಗೆ ಬಂದಿತು. ಗರ್ಭದಲ್ಲಿ ತಗಲಿದ ರಾಸಾಯನಿಕದ ಫಲವು ಎರಡು ದಶಕಗಳ ನಂತರವೂ ಪ್ರಕಟವಾಗಬಹುದು ಎಂಬುದಕ್ಕೆ ಇದು ಮನುಷ್ಯರಲ್ಲಿ ದೊರೆತ ಸ್ಪಷ್ಟ ನಿದರ್ಶನ.

1991ರ ಜುಲೈನಲ್ಲಿ ಪ್ರಾಣಿವಿಜ್ಞಾನಿ ಥಿಯೊ ಕೋಲ್ಬೋರ್ನ್ ಅವರ ಮುಂದಾಳತ್ವದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಂಗ್‌ಸ್ಪ್ರೆಡ್ ಎಂಬಲ್ಲಿ ವಿವಿಧ ಶಾಖೆಗಳ ವಿಜ್ಞಾನಿಗಳು ಸಭೆ ಸೇರಿದರು. 'ಎಂಡೋಕ್ರೈನ್ ಡಿಸ್ರಪ್ಟರ್' ಎಂಬ ಪದ ರೂಪುಗೊಂಡಿದ್ದು ಈ ಸಭೆಯಲ್ಲಿ. ಕೋಲ್ಬೋರ್ನ್ ಅವರು ಇನ್ನಿಬ್ಬರೊಡನೆ ಬರೆದ 'ಅವರ್ ಸ್ಟೋಲನ್ ಫ್ಯೂಚರ್' ಎಂಬ ಪುಸ್ತಕ 1996ರಲ್ಲಿ ಹೊರಬಂದ ಮೇಲೆ ಈ ವಿಷಯ ಪ್ರಯೋಗಾಲಯಗಳಿಂದಾಚೆಗೂ ಚರ್ಚೆಗೆ ಬಂದಿತು.

ಕಾರ್ಯವಿಧಾನ

ರಾಸಾಯನಿಕವೊಂದು ವರ್ತನೆಯನ್ನು ಬದಲಿಸಲು ಹಲವು ದಾರಿಗಳಿವೆ.

ಲೈಂಗಿಕ ಹಾರ್ಮೋನುಗಳ ಮಾರ್ಗ: ಇಲಿಗಳಲ್ಲಿ ಗಂಡು ಭ್ರೂಣದ ಟೆಸ್ಟೋಸ್ಟಿರಾನ್ ಮಿದುಳಿನೊಳಗೆ ಅರೋಮಟೇಸ್ ಕಿಣ್ವದ ನೆರವಿನಿಂದ ಈಸ್ಟ್ರಡಯಾಲ್ ಆಗಿ ಮಾರ್ಪಟ್ಟು ನರಮಂಡಲವನ್ನು ಗಂಡಿನ ಮಾದರಿಯಲ್ಲಿ ರೂಪಿಸುತ್ತದೆ. ಹೆಣ್ಣು ಭ್ರೂಣದ ರಕ್ತದಲ್ಲಿರುವ ಆಲ್ಫಾ ಫೀಟೊಪ್ರೋಟೀನ್ ಎಂಬ ಪ್ರೋಟೀನು ಈಸ್ಟ್ರಡಯಾಲನ್ನು ಹಿಡಿದಿಟ್ಟು ಅದು ಮಿದುಳನ್ನು ಸೇರದಂತೆ ತಡೆಯುತ್ತದೆ. ಬಿಸ್ಫೆನಾಲ್ ಎ ಮತ್ತು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್‌ಗಳು ಈ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವುದಿಲ್ಲ. ಆದುದರಿಂದ ದೇಹದ ಸ್ವಂತ ಹಾರ್ಮೋನಿಗೆ ಇರುವ ತಡೆ ಅವುಗಳಿಗೆ ಅಷ್ಟಾಗಿ ಇರುವುದಿಲ್ಲ.

ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್ ಮಾರ್ಗ: ಹೈಪೋಥಲಾಮಸ್‌ನಲ್ಲಿ ತಯಾರಾಗುವ ಈ ಎರಡು ಪುಟ್ಟ ಪೆಪ್ಟೈಡ್‌ಗಳು ತಾಯ್ತನ, ಜೋಡಿಬಂಧ ಮತ್ತು ಪರಿಚಿತರನ್ನು ಗುರುತಿಸುವ ಶಕ್ತಿಗೆ ಸಂಬಂಧಿಸಿವೆ. ಅವುಗಳ ಉತ್ಪಾದನೆ ಹಾಗೂ ಅವುಗಳ ಗ್ರಾಹಕಗಳ ಹಂಚಿಕೆ ಲೈಂಗಿಕ ಹಾರ್ಮೋನುಗಳ ಪ್ರಭಾವಕ್ಕೆ ಒಳಪಟ್ಟಿರುವುದರಿಂದ, ಈಸ್ಟ್ರೋಜನ್ ಅನ್ನು ಅನುಕರಿಸುವ ವಸ್ತು ಈ ವ್ಯವಸ್ಥೆಯನ್ನೂ ತಲುಪಬಲ್ಲದು.

ಥೈರಾಯ್ಡ್ ಮಾರ್ಗ: ಭ್ರೂಣದ ಮಿದುಳಿನ ಬೆಳವಣಿಗೆಗೆ ಥೈರಾಯ್ಡ್ ಹಾರ್ಮೋನು ಅತ್ಯಗತ್ಯ. ಪಿಸಿಬಿಗಳು ಮತ್ತು ಕೆಲವು ಬ್ರೋಮಿನ್‌ಯುಕ್ತ ಬೆಂಕಿ ನಿರೋಧಕಗಳು ಇದರ ಸಾಗಣೆ ಹಾಗೂ ಕ್ರಿಯೆಗೆ ಅಡ್ಡಿಯಾಗುತ್ತವೆ.

ರೋಗನಿರೋಧಕ ಕೋಶಗಳ ಮಾರ್ಗ: ಮಿದುಳಿನಲ್ಲಿರುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಬೆಳವಣಿಗೆಯ ಹಂತದಲ್ಲಿ ಅನಗತ್ಯವಾದ ನರಸಂಧಿಗಳನ್ನು ಕತ್ತರಿಸಿ ತೆಗೆಯುತ್ತವೆ. ಉರಿಯೂತ ಉಂಟುಮಾಡುವ ಮಾಲಿನ್ಯಕಾರಕಗಳು ಈ ಕೆಲಸವನ್ನು ಏರುಪೇರು ಮಾಡಬಹುದು.

ಅಧ್ಯಯನ ವಿಧಾನಗಳು

ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂರು ಕೋಣೆಗಳ ಪರೀಕ್ಷೆ. ಮೂರು ಭಾಗಗಳಿರುವ ಪೆಟ್ಟಿಗೆಯ ಒಂದು ಬದಿಯಲ್ಲಿ ತಂತಿಯ ಪಂಜರದೊಳಗೆ ಅಪರಿಚಿತ ಇಲಿಯೊಂದನ್ನು, ಇನ್ನೊಂದು ಬದಿಯಲ್ಲಿ ಖಾಲಿ ಪಂಜರವನ್ನು ಇಡುತ್ತಾರೆ. ನಡುವಿನ ಕೋಣೆಯಲ್ಲಿ ಬಿಟ್ಟ ಇಲಿ ಯಾವ ಬದಿಯಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಅಳೆಯಲಾಗುತ್ತದೆ. ಮರಿಗಳ ಆಟವನ್ನು ಎಣಿಸುವುದು, ತಾಯಿಯಿಂದ ಬೇರೆಯಾದ ಮರಿಗಳು ಹೊರಡಿಸುವ ಶ್ರವಣಾತೀತ ಧ್ವನಿಯನ್ನು ದಾಖಲಿಸುವುದು, ಸಂಗಾತಿ ಮತ್ತು ಅಪರಿಚಿತ ಪ್ರಾಣಿಗಳ ನಡುವೆ ಆಯ್ಕೆ ನೀಡುವುದು ಇತರ ವಿಧಾನಗಳು.

ಜೋಡಿಬಂಧದ ಅಧ್ಯಯನಕ್ಕೆ ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ವಾಸಿಸುವ ಪ್ರೇರಿ ವೋಲ್ ಎಂಬ ದಂಶಕವು ಮಾದರಿ ಪ್ರಾಣಿಯಾಗಿದೆ. ಗಂಡು ಮತ್ತು ಹೆಣ್ಣು ದೀರ್ಘಕಾಲ ಜೊತೆಯಾಗಿದ್ದು ಮರಿಗಳನ್ನು ಒಟ್ಟಿಗೆ ಸಾಕುತ್ತವೆ. ಸಾಮಾನ್ಯ ಪ್ರಯೋಗಾಲಯದ ಇಲಿಗಳಲ್ಲಿ ಈ ಗುಣವಿಲ್ಲ. ಈ ಬಂಧಕ್ಕೆ ಆಕ್ಸಿಟೋಸಿನ್ ಗ್ರಾಹಕವೇ ಅನಿವಾರ್ಯವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಆ ಗ್ರಾಹಕದ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ವೋಲ್‌ಗಳೂ ಜೋಡಿಗಟ್ಟುತ್ತವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಾಮಾಜಿಕ ವರ್ತನೆಯನ್ನು ಒಂದೇ ಅಣುವಿಗೆ ಕಟ್ಟಿಹಾಕಲಾಗದು ಎಂಬುದನ್ನು ಇದು ಸೂಚಿಸುತ್ತದೆ.

ಪ್ರಾಣಿಗಳಲ್ಲಿ ಕಂಡ ಪರಿಣಾಮಗಳು

ವಿನ್‌ಕ್ಲೋಜೊಲಿನ್: ಇದು ದ್ರಾಕ್ಷಿ ಮುಂತಾದ ಬೆಳೆಗಳಿಗೆ ಬಳಸಲಾಗುತ್ತಿದ್ದ ಶಿಲೀಂಧ್ರನಾಶಕ. ಡೇವಿಡ್ ಕ್ರ್ಯೂಸ್, ಆಂಡ್ರಿಯಾ ಗೋರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ವಸ್ತುವಿಗೆ ಒಡ್ಡಿಕೊಂಡ ಪೂರ್ವಜರಿಂದ ಮೂರು ತಲೆಮಾರು ದೂರವಿದ್ದ ಹೆಣ್ಣು ಇಲಿಗಳು ಅಂತಹ ಹಿನ್ನೆಲೆಯಿಲ್ಲದ ಗಂಡುಗಳನ್ನೇ ಆರಿಸಿಕೊಂಡವು. ಗಂಡು ಇಲಿಗಳಲ್ಲಿ ಇಂತಹ ಒಲವು ಕಂಡುಬರಲಿಲ್ಲ.

ಬಿಸ್ಫೆನಾಲ್ ಎ: ಗಟ್ಟಿ ಪ್ಲಾಸ್ಟಿಕ್ ಮತ್ತು ಡಬ್ಬಿಗಳ ಒಳಲೇಪದ ತಯಾರಿಕೆಗೆ ಬಳಸುವ ಈ ವಸ್ತುವಿಗೆ ಈಸ್ಟ್ರೋಜನ್ ಗುಣವಿದೆ ಎಂಬುದು 1936ರಷ್ಟು ಹಿಂದೆಯೇ ತಿಳಿದಿತ್ತು. 2011ರಲ್ಲಿ ಪ್ರಕಟವಾದ ಮಿಸೌರಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಬೆಳವಣಿಗೆಯ ಹಂತದಲ್ಲಿ ಇದಕ್ಕೆ ಒಡ್ಡಿಕೊಂಡ ಗಂಡು ಡಿಯರ್ ಮೌಸ್‌ಗಳು ದಾರಿ ಕಲಿಯುವುದರಲ್ಲಿ ಹಿಂದೆ ಬಿದ್ದವು. ಅವುಗಳ ಹೊರರೂಪ ಮತ್ತು ಪ್ರೌಢಾವಸ್ಥೆಯ ಟೆಸ್ಟೋಸ್ಟಿರಾನ್ ಮಟ್ಟ ಸಹಜವಾಗಿಯೇ ಇದ್ದರೂ ಹೆಣ್ಣುಗಳು ಅವುಗಳ ಬಗ್ಗೆ ಕಡಿಮೆ ಆಸಕ್ತಿ ತೋರಿದವು. 2012ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವು, ಮನುಷ್ಯರಲ್ಲಿ ಕಂಡುಬರುವಷ್ಟೇ ಮಟ್ಟದ ಬಿಸ್ಫೆನಾಲ್ ಎ ರಕ್ತದಲ್ಲಿರುವಂತೆ ಗರ್ಭಿಣಿ ಇಲಿಗಳಿಗೆ ಆಹಾರ ನೀಡಿತು. ಮೊದಲ ತಲೆಮಾರಿನ ಮರಿಗಳ ಸಾಮಾಜಿಕ ಸಂಪರ್ಕ ಕಡಿಮೆಯಾಯಿತು. ಎರಡನೆಯ ಮತ್ತು ನಾಲ್ಕನೆಯ ತಲೆಮಾರುಗಳಲ್ಲಿ ಅದು ಹೆಚ್ಚಾಯಿತು. ಮಿದುಳಿನಲ್ಲಿ ವ್ಯಾಸೊಪ್ರೆಸಿನ್ ವಂಶವಾಹಿಯ ಅಭಿವ್ಯಕ್ತಿಯಲ್ಲಿ ಕಂಡ ಇಳಿಕೆ ನಾಲ್ಕನೆಯ ತಲೆಮಾರಿನವರೆಗೂ ಉಳಿದಿತ್ತು.

ಬೆಂಕಿ ನಿರೋಧಕಗಳು: ಪೀಠೋಪಕರಣಗಳ ಫೋಮ್‌ನಲ್ಲಿ ಬಳಸುವ ಫೈರ್‌ಮಾಸ್ಟರ್ 550 ಎಂಬ ಮಿಶ್ರಣವನ್ನು ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಹೆದರ್ ಪ್ಯಾಟಿಸಾಲ್ ಅವರ ತಂಡ ಪ್ರೇರಿ ವೋಲ್‌ಗಳಲ್ಲಿ ಪರೀಕ್ಷಿಸಿದೆ. ಗರ್ಭದಲ್ಲಿ ಮತ್ತು ಹುಟ್ಟಿದ ಆರಂಭದ ದಿನಗಳಲ್ಲಿ ತಗಲಿದ ಈ ಮಿಶ್ರಣದಿಂದ ಉಂಟಾದ ವರ್ತನೆಯ ಬದಲಾವಣೆಗಳು ಗಂಡು ಮತ್ತು ಹೆಣ್ಣುಗಳಲ್ಲಿ ಬೇರೆ ಬೇರೆಯಾಗಿದ್ದವು.

ಪಾದರಸ: ಫ್ಲಾರಿಡಾದಲ್ಲಿ ಬಿಳಿ ಐಬಿಸ್ ಹಕ್ಕಿಗಳಿಗೆ ಪ್ರಕೃತಿಯಲ್ಲಿ ದೊರೆಯುವ ಮಟ್ಟದ ಮೀಥೈಲ್ ಪಾದರಸವನ್ನು ಮೂರು ವರ್ಷಗಳ ಕಾಲ ಆಹಾರದಲ್ಲಿ ಕೊಟ್ಟಾಗ ಗಂಡು ಹಕ್ಕಿಗಳ ಪ್ರಣಯ ವರ್ತನೆ ಬದಲಾಗಿ, ಗಂಡು-ಗಂಡು ಜೋಡಿಗಳು ಹೆಚ್ಚಿ, ಮರಿಗಳ ಸಂಖ್ಯೆ ಇಳಿಯಿತು.

ಔಷಧ ಶೇಷಗಳು: ಚರಂಡಿ ನೀರಿನ ಮೂಲಕ ನದಿ ಸೇರುವ ಔಷಧಗಳೂ ಈ ಪಟ್ಟಿಯಲ್ಲಿವೆ. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ಆತಂಕ ನಿವಾರಣೆಗೆ ಬಳಸುವ ಆಕ್ಸಜೆಪಾಮ್ ಔಷಧದ ಅಲ್ಪ ಪ್ರಮಾಣವಿದ್ದ ನೀರಿನಲ್ಲಿ ಪರ್ಚ್ ಮೀನುಗಳು ಹೆಚ್ಚು ಚುರುಕಾದವು, ಧೈರ್ಯ ತೋರಿದವು ಮತ್ತು ಗುಂಪಿನಿಂದ ದೂರ ಸರಿದವು.

ವಾಯುಮಾಲಿನ್ಯ: ಡ್ಯೂಕ್ ವಿಶ್ವವಿದ್ಯಾಲಯದ ಸ್ಟೇಸಿ ಬಿಲ್ಬೊ ಅವರ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗರ್ಭಿಣಿ ಇಲಿಗಳು ಡೀಸೆಲ್ ಹೊಗೆಯ ಕಣಗಳನ್ನೂ ಗೂಡು ಕಟ್ಟಲು ಸಾಮಗ್ರಿ ಸಾಲದ ಒತ್ತಡವನ್ನೂ ಒಟ್ಟಿಗೆ ಎದುರಿಸಿದವು. ಅವುಗಳ ಗಂಡುಮರಿಗಳಲ್ಲಿ ಮೈಕ್ರೋಗ್ಲಿಯಾಗಳ ಕಾರ್ಯ ಮತ್ತು ಪ್ರೌಢಾವಸ್ಥೆಯ ವರ್ತನೆ ಬದಲಾದವು. ಬಡಾವಣೆಗಳಲ್ಲಿ ಮಾಲಿನ್ಯ ಮತ್ತು ಬಡತನದ ಒತ್ತಡ ಹೆಚ್ಚಾಗಿ ಜೊತೆಯಲ್ಲಿಯೇ ಇರುವುದರಿಂದ ಎರಡನ್ನೂ ಸೇರಿಸಿ ನೋಡುವ ಈ ಬಗೆಯ ಪ್ರಯೋಗಗಳಿಗೆ ಮಹತ್ವವಿದೆ.

ಮಾನವರಲ್ಲಿ ನಡೆದ ಅಧ್ಯಯನಗಳು

ಮನುಷ್ಯರನ್ನು ಉದ್ದೇಶಪೂರ್ವಕವಾಗಿ ವಿಷವಸ್ತುವಿಗೆ ಒಡ್ಡುವುದು ಅನೈತಿಕ. ಆದಕಾರಣ ಗರ್ಭಿಣಿಯರ ರಕ್ತ ಅಥವಾ ಮೂತ್ರದಲ್ಲಿರುವ ರಾಸಾಯನಿಕಗಳನ್ನು ಅಳೆದು, ಅವರ ಮಕ್ಕಳನ್ನು ವರ್ಷಗಳ ಕಾಲ ಗಮನಿಸುವುದು ಮುಖ್ಯ ವಿಧಾನವಾಗಿದೆ.

ಅಮೆರಿಕದ ಸಿನ್ಸಿನಾಟಿಯ ತಾಯಿ-ಮಕ್ಕಳನ್ನು ಕುರಿತು 2009ರಲ್ಲಿ ಪ್ರಕಟವಾದ ವರದಿಯು, ಗರ್ಭಾವಸ್ಥೆಯ ಬಿಸ್ಫೆನಾಲ್ ಎ ಮಟ್ಟಕ್ಕೂ ಎರಡು ವರ್ಷದ ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ, ಆಕ್ರಮಣಶೀಲತೆ ಹಾಗೂ ಅತಿಚಟುವಟಿಕೆಗೂ ಸಂಬಂಧವನ್ನು ಗುರುತಿಸಿತು. ನ್ಯೂಯಾರ್ಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಕ್ರಮಣಶೀಲತೆಯ ಸಂಬಂಧ ಗಂಡುಮಕ್ಕಳಲ್ಲಿ ಕಂಡುಬಂದಿತು. ಹೆಣ್ಣುಮಕ್ಕಳಲ್ಲಿ ಅದು ತದ್ವಿರುದ್ಧವಾಗಿತ್ತು. ನ್ಯೂಯಾರ್ಕಿನ ಇನ್ನೊಂದು ಅಧ್ಯಯನವು 2011ರಲ್ಲಿ ಗರ್ಭಾವಸ್ಥೆಯ ಥ್ಯಾಲೇಟ್ ಮಟ್ಟಕ್ಕೂ 7ರಿಂದ 9 ವರ್ಷದ ಮಕ್ಕಳ ಸಾಮಾಜಿಕ ತೊಡಕುಗಳಿಗೂ ಸಂಬಂಧವಿದೆ ಎಂದು ವರದಿ ಮಾಡಿತು.

ಸೀಸದ ವಿಷಯದಲ್ಲಿ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ. ಹರ್ಬರ್ಟ್ ನೀಡಲ್‌ಮನ್ ಅವರು 1979ರಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿನ ಸೀಸವನ್ನು ಅಳೆದು, ಅದು ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿಯೂ ತರಗತಿಯ ನಡವಳಿಕೆಯಲ್ಲಿಯೂ ಹಿಂದುಳಿದಿದ್ದನ್ನು ತೋರಿಸಿದರು. ಬಾಲ್ಯದ ಸೀಸದ ಮಟ್ಟಕ್ಕೂ ಯೌವನದಲ್ಲಿ ಬಂಧನಕ್ಕೊಳಗಾಗುವ ಪ್ರಮಾಣಕ್ಕೂ ಇರುವ ಸಂಬಂಧವನ್ನು ಸಿನ್ಸಿನಾಟಿಯ ದೀರ್ಘಕಾಲಿಕ ಅಧ್ಯಯನ 2008ರಲ್ಲಿ ದಾಖಲಿಸಿತು.

ಮಿತಿಗಳು ಮತ್ತು ವಿವಾದಗಳು

ಬಿಸ್ಫೆನಾಲ್ ಎ ದೇಹದಿಂದ ಕೆಲವೇ ಗಂಟೆಗಳಲ್ಲಿ ಹೊರಹೋಗುತ್ತದೆ. ಆದ್ದರಿಂದ ಒಂದು ದಿನದ ಮೂತ್ರದ ಮಾದರಿಯಿಂದ ಇಡೀ ಗರ್ಭಾವಸ್ಥೆಯ ಸ್ಥಿತಿಯನ್ನು ಅಂದಾಜು ಮಾಡುವುದು ಕಷ್ಟ. ಆಹಾರ ಪದ್ಧತಿ, ಆದಾಯ, ತಾಯಿಯ ಮಾನಸಿಕ ಒತ್ತಡ ಮುಂತಾದ ಅಂಶಗಳು ರಾಸಾಯನಿಕದ ಮಟ್ಟವನ್ನೂ ಮಗುವಿನ ವರ್ತನೆಯನ್ನೂ ಏಕಕಾಲಕ್ಕೆ ಪ್ರಭಾವಿಸಬಹುದು. ಮನುಷ್ಯನ ದೇಹದಲ್ಲಿ ಒಂದೇ ರಾಸಾಯನಿಕವಿರದೆ ಹಲವುಗಳ ಮಿಶ್ರಣವಿರುತ್ತದೆ ಎಂಬುದೂ ಒಂದು ತೊಡಕು. ಈ ಕಾರಣಗಳಿಂದ ಮಾನವ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ಒಬ್ಬ ನಿರ್ದಿಷ್ಟ ಮಗುವಿನ ವರ್ತನೆಗೆ ಕಾರಣವನ್ನು ಹೇಳುವುದಿಲ್ಲ.

ಅಲ್ಪ ಪ್ರಮಾಣದ ಪರಿಣಾಮದ ಬಗ್ಗೆ ದೀರ್ಘ ವಿವಾದವಿದೆ. ಸಾಂಪ್ರದಾಯಿಕ ವಿಷವಿಜ್ಞಾನದ ಪ್ರಕಾರ ಪ್ರಮಾಣ ಹೆಚ್ಚಿದಂತೆ ಪರಿಣಾಮವೂ ಹೆಚ್ಚಬೇಕು. ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವುದರಿಂದ ಅವುಗಳ ಅನುಕರಣೆಗೆ ಈ ನಿಯಮ ಎಲ್ಲ ಸಂದರ್ಭಗಳಲ್ಲಿಯೂ ಹೊಂದುವುದಿಲ್ಲ ಎಂಬುದು ಅನೇಕ ಹಾರ್ಮೋನು ವಿಜ್ಞಾನಿಗಳ ವಾದ. ಈ ಭಿನ್ನಾಭಿಪ್ರಾಯವನ್ನು ಬಗೆಹರಿಸಲು ಅಮೆರಿಕದ ಸರ್ಕಾರಿ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳು ಕೂಡಿ ಕ್ಲಾರಿಟಿ-ಬಿಪಿಎ ಎಂಬ ಯೋಜನೆಯನ್ನು ಕೈಗೊಂಡವು. 2018ರಲ್ಲಿ ಅದರ ಮೂಲ ವರದಿ ಹೊರಬಂದಾಗ ಆಹಾರ ಮತ್ತು ಔಷಧ ಆಡಳಿತವು ಬಿಸ್ಫೆನಾಲ್ ಎಯ ಪರಿಣಾಮಗಳು ಕನಿಷ್ಠವೆಂದು ಅಭಿಪ್ರಾಯಪಟ್ಟಿತು. ಯೋಜನೆಯಲ್ಲಿದ್ದ ಹಲವು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅತಿ ಕಡಿಮೆ ಪ್ರಮಾಣದಲ್ಲಿಯೂ ಮಿದುಳಿನಲ್ಲಿ ಬದಲಾವಣೆ ಕಂಡಿದ್ದನ್ನು ಮುಂದಿಟ್ಟು ಇದನ್ನು ಒಪ್ಪಲಿಲ್ಲ.

ಸುದ್ದಿಮಾಧ್ಯಮಗಳಲ್ಲಿ ಈ ಸಂಶೋಧನೆಗಳು ಹಲವು ಬಾರಿ ಉತ್ಪ್ರೇಕ್ಷೆಗೆ ಒಳಗಾಗುತ್ತವೆ. ಐಬಿಸ್ ಹಕ್ಕಿಗಳ ಪ್ರಯೋಗವು ಮನುಷ್ಯರ ಲೈಂಗಿಕ ಒಲವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೂರು ಕೋಣೆಗಳ ಪರೀಕ್ಷೆಯಲ್ಲಿ ಇಲಿಯೊಂದು ಒಂಟಿಯಾಗಿ ಉಳಿದರೆ ಅದನ್ನು ಆಟಿಸಂ ಎಂದು ಕರೆಯಲಾಗದು. ಅದೇ ರೀತಿ, ವರ್ತನೆಯ ಭಿನ್ನತೆಯೆಲ್ಲವೂ ಹಾನಿಯೆಂದು ಭಾವಿಸುವುದು ವೈಜ್ಞಾನಿಕವಲ್ಲ.

ಯುವ ಸಂಶೋಧಕರ ಪಾತ್ರ

ವರ್ತನೆಯನ್ನು ಅಳೆಯುವ ನರವಿಜ್ಞಾನ, ರಾಸಾಯನಿಕದ ಪ್ರಮಾಣವನ್ನು ನಿರ್ಧರಿಸುವ ವಿಷವಿಜ್ಞಾನ, ವಂಶವಾಹಿಗಳ ಅಭಿವ್ಯಕ್ತಿಯನ್ನು ಪರಿಶೀಲಿಸುವ ಅಣುಜೀವವಿಜ್ಞಾನ ಈ ಮೂರರಲ್ಲಿಯೂ ತರಬೇತಿ ಬೇಕಾಗಿರುವುದರಿಂದ ಈ ಕ್ಷೇತ್ರದ ಪ್ರಯೋಗಗಳ ದೈನಂದಿನ ಹೊರೆ ಹೆಚ್ಚಾಗಿ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಪಿಎಚ್‌ಡಿ ನಂತರದ ಸಂಶೋಧಕರ ಮೇಲಿರುತ್ತದೆ. ಹಲವು ತಲೆಮಾರುಗಳ ಪ್ರಯೋಗವೊಂದು ಮುಗಿಯಲು ವರ್ಷಗಳೇ ಹಿಡಿಯುತ್ತವೆ; ಪರೀಕ್ಷಕರಿಗೆ ಯಾವ ಪ್ರಾಣಿ ಯಾವ ಗುಂಪಿಗೆ ಸೇರಿದೆಯೆಂದು ತಿಳಿಯದಂತೆ ನೋಡಿಕೊಳ್ಳಬೇಕಾಗುತ್ತದೆ. ಪಂಜರ, ನೀರಿನ ಬಾಟಲಿ ಮತ್ತು ಆಹಾರದಿಂದಲೂ ಈಸ್ಟ್ರೋಜನ್ ಗುಣದ ವಸ್ತುಗಳು ಸೇರಬಹುದಾದ ಕಾರಣ ಹೋಲಿಕೆಯ ಗುಂಪನ್ನು ಅವುಗಳಿಂದ ದೂರವಿಡುವುದೂ ಒಂದು ಸವಾಲು. ಅಲ್ಪಾವಧಿಯ ಹುದ್ದೆಯಲ್ಲಿರುವ ಯುವ ವಿಜ್ಞಾನಿಗಳಿಗೆ ಇಷ್ಟು ದೀರ್ಘವಾದ ಕೆಲಸ ಸುಲಭವಲ್ಲ. ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆಯು ಸ್ವತಂತ್ರ ಪ್ರಯೋಗಾಲಯ ಆರಂಭಿಸುವ ಹೊಸ ಸಂಶೋಧಕರಿಗಾಗಿ ವಿಶೇಷ ಅನುದಾನ ನೀಡುತ್ತಿದೆ.

ನಿಯಂತ್ರಣ ಕ್ರಮಗಳು

ಪಿಸಿಬಿಗಳ ತಯಾರಿಕೆಯನ್ನು ಅಮೆರಿಕ 1979ರಲ್ಲಿ ನಿಷೇಧಿಸಿತು. 2001ರಲ್ಲಿ ಅಂಗೀಕೃತವಾಗಿ 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದವು ಪಿಸಿಬಿ ಸೇರಿದಂತೆ ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳನ್ನು ಜಾಗತಿಕವಾಗಿ ನಿಯಂತ್ರಿಸುತ್ತದೆ. ಸೀಸಯುಕ್ತ ಪೆಟ್ರೋಲಿನ ಮಾರಾಟ 2021ರಲ್ಲಿ ಅಲ್ಜೀರಿಯದಲ್ಲಿ ನಿಲ್ಲುವುದರೊಂದಿಗೆ ಪ್ರಪಂಚದಾದ್ಯಂತ ಕೊನೆಗೊಂಡಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿ ಬಿಸ್ಫೆನಾಲ್ ಎಯ ಸಹನೀಯ ದೈನಂದಿನ ಸೇವನೆಯ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಮಿನಿಂದ 0.2 ನ್ಯಾನೋಗ್ರಾಮಿಗೆ, ಅಂದರೆ 20,000 ಪಟ್ಟು, ಇಳಿಸಿತು. ಈ ಇಳಿಕೆಗೆ ಆಧಾರವಾದದ್ದು ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮ.

ಬೆಳೆಯುವ ನರಮಂಡಲದ ಮೇಲಿನ ವಿಷಪರಿಣಾಮವನ್ನು ಅಳೆಯಲು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಒಇಸಿಡಿ) 2007ರಲ್ಲಿ ಪರೀಕ್ಷಾ ಮಾರ್ಗಸೂಚಿಯೊಂದನ್ನು ಅಂಗೀಕರಿಸಿತು. ಅದು ಚಲನೆ, ಇಂದ್ರಿಯಗಳ ಕಾರ್ಯ, ಕಲಿಕೆ ಮತ್ತು ನೆನಪಿಗೆ ಒತ್ತು ನೀಡುತ್ತದೆ. ಜೋಡಿಬಂಧ ಅಥವಾ ಮರಿಗಳ ಆಟದಂತಹ ಸಾಮಾಜಿಕ ವರ್ತನೆಗಳನ್ನೂ ಇಂತಹ ಪರೀಕ್ಷೆಗಳಿಗೆ ಸೇರಿಸಬೇಕೆಂಬುದು ಈ ಕ್ಷೇತ್ರದ ಸಂಶೋಧಕರ ಪ್ರಮುಖ ಬೇಡಿಕೆಗಳಲ್ಲಿ ಒಂದು.

ಭಾರತದಲ್ಲಿ

ಭಾರತದಲ್ಲಿ ಸೀಸಯುಕ್ತ ಪೆಟ್ರೋಲನ್ನು 2000ರಲ್ಲಿ ಕೈಬಿಡಲಾಯಿತು. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರಿಂದ ಜಾರಿಯಲ್ಲಿದೆ. ಶಿಶುಗಳ ಪ್ಲಾಸ್ಟಿಕ್ ಹಾಲಿನ ಬಾಟಲಿಗಳಲ್ಲಿ ಬಿಸ್ಫೆನಾಲ್ ಎ ಇರಬಾರದೆಂದು ಭಾರತೀಯ ಮಾನಕ ಬ್ಯೂರೊ 2015ರ ತನ್ನ ಮಾನದಂಡದಲ್ಲಿ ನಿಗದಿಪಡಿಸಿತು.

ಪರಿಸರದ ರಾಸಾಯನಿಕವು ಮಕ್ಕಳ ಬೆಳವಣಿಗೆಯ ಮೇಲೆ ಬೀರುವ ಪರಿಣಾಮದ ಪ್ರಶ್ನೆ ಕನ್ನಡ ಮಾತನಾಡುವ ಪ್ರದೇಶದಲ್ಲಿ ತೀವ್ರವಾಗಿ ಎದ್ದದ್ದು ಎಂಡೋಸಲ್ಫಾನ್ ಪ್ರಕರಣದಲ್ಲಿ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗಿತ್ತು. ಅಲ್ಲಿನ ಪಡ್ರೆ ಗ್ರಾಮದಲ್ಲಿ ಕಂಡುಬಂದ ಕಾಯಿಲೆಗಳ ಕಡೆಗೆ ಗ್ರಾಮದ ವೈದ್ಯ ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಗಮನ ಸೆಳೆದರು. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮತ್ತು ಸುತ್ತಲಿನ ಗ್ರಾಮಗಳಿಂದಲೂ ಇಂತಹದೇ ದೂರುಗಳು ಕೇಳಿಬಂದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಂಪಡಣೆಯ ಪ್ರದೇಶದ 117 ಬಾಲಕರನ್ನು ಬೇರೆ ಪ್ರದೇಶದ 90 ಬಾಲಕರೊಡನೆ ಹೋಲಿಸಲಾಯಿತು. ಮೊದಲ ಗುಂಪಿನಲ್ಲಿ ಲೈಂಗಿಕ ಪ್ರೌಢತೆ ತಡವಾಗಿದ್ದು, ಲೈಂಗಿಕ ಹಾರ್ಮೋನುಗಳ ಮಟ್ಟದಲ್ಲಿಯೂ ವ್ಯತ್ಯಾಸವಿತ್ತು. ಇದು ವರ್ತನೆಯ ಅಧ್ಯಯನವಾಗಿರಲಿಲ್ಲ. ಆದರೆ ಸಾಮಾಜಿಕ ವರ್ತನೆಯನ್ನು ರೂಪಿಸುವ ಹಾರ್ಮೋನುಗಳೇ ಇಲ್ಲಿ ಪರಿಶೀಲನೆಗೆ ಒಳಗಾಗಿದ್ದವು. ಈ ತೀರ್ಮಾನಗಳನ್ನು ಕೀಟನಾಶಕ ಉದ್ಯಮವು ಪ್ರಶ್ನಿಸಿತು. 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಅನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಭಾರತದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು.